ಪಥ್ಯದ ಮಾಮನ ಕೆನೆ ಆಲೂಗಡ್ಡೆ

ಒಂದು ಸುಳ್ಳು ಹೇಳಿ ದಕ್ಕಿಸಿಕೊಳ್ಳುವುದು ದೊಡ್ಡ ಮಾತಲ್ಲ. ಆ ಸುಳ್ಳನ್ನು ದಿನಾ ಮಧ್ಯಾಹ್ನ ಬಟ್ಟಲಿಗೆ ಹಾಕಿಸಿಕೊಂಡು, ಚಮಚದಲ್ಲಿ ಎತ್ತಿ, ಉಪ್ಪು ಖಾರ ಏನೂ ಇಲ್ಲದೆ ನುಂಗುವುದು ಕಷ್ಟ. ಕನ್ನಡಕದ ಮಾಮ ಅದನ್ನು ಎಂಟು ವರ್ಷ ನುಂಗಿದ್ದ.

ಬೀದಿಯ ಮೂಲೆಯಲ್ಲಿರುವ ಸಣ್ಣ ಕನ್ನಡಕದಂಗಡಿ ಮಾಮನದು. ಗೋಡೆಯ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಅಕ್ಷರಗಳ ಹಲಗೆ, ಎದುರಿಗೆ ತಿರುಗುವ ಕುರ್ಚಿ, ಕುರ್ಚಿಯಲ್ಲಿ ಕೂತವರ ಮೂಗಿನ ಮೇಲೆ ಒಂದು ಭಾರದ ಚೌಕಟ್ಟು. ಆ ಚೌಕಟ್ಟಿಗೆ ಒಂದೊಂದೇ ಗಾಜು ಹಾಕಿ ತೆಗೆದು, ಎಡಗಣ್ಣು ಮುಚ್ಚಿಸಿ, ಬಲಗಣ್ಣು ಮುಚ್ಚಿಸಿ, ಬೆಳಗಿನಿಂದ ಸಂಜೆಯವರೆಗೆ ಮಾಮ ಕೇಳುವುದು ಒಂದೇ ಪ್ರಶ್ನೆ: "ಈಗ ಹೇಗಿದೆ? ಈಗ?" ಆ ಬೀದಿಯಲ್ಲಿ ಮಾಮನಿಂದ ಈ ಪ್ರಶ್ನೆ ಕೇಳಿಸಿಕೊಳ್ಳದ ಮನುಷ್ಯನೇ ಇಲ್ಲ. ತಿರುಗಿ ಅವನನ್ನು ಹಾಗೆ ಕೇಳಿದವರೂ ಇಲ್ಲ. ಮದುವೆಯಾಗದ ಗಂಡಸು, ಅಂಗಡಿಯ ಹಿಂದಿನ ಕೋಣೆಯಲ್ಲೇ ವಾಸ. ದೂರದ ಊರಿನಲ್ಲಿ ಒಬ್ಬ ತಂಗಿ ಇದ್ದಾಳೆ. ಭಾನುವಾರ ತಪ್ಪದೆ ಫೋನ್ ಮಾಡುತ್ತಾಳೆ, ತನ್ನ ಮಂಡಿನೋವಿನಿಂದ ಶುರು ಮಾಡಿ ಗಂಡನ ಮಂಡಿನೋವಿನವರೆಗೆ ಬಂದು "ಸರಿ ಅಣ್ಣ, ಇಡ್ತೀನಿ" ಎಂದು ಇಟ್ಟುಬಿಡುತ್ತಾಳೆ.

ಅಂಗಡಿಯಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ ಅಕ್ಕನ ಹೋಟೆಲ್ ಇದೆ. ಕೈಯೆತ್ತಿದರೆ ತಾಗುವ ಚಾವಣಿ, ಕಾಲು ಸರಿಯಿಲ್ಲದ್ದಕ್ಕೆ ಕಾಗದ ಮಡಿಸಿ ಕೊಟ್ಟ ಮೇಜುಗಳು, ಗಾಜಿನ ಕಿಟಕಿಯ ಮೇಲೆ ಸದಾ ಆವಿ. ಅಡುಗೆ ಮಾಡುವವಳು ಅಕ್ಕ, ಬಡಿಸುವವನು ಅವಳ ತಮ್ಮ. ಹೆಸರುಗಳೇನೋ ಇರಲೇಬೇಕು, ಆದರೆ ಬೀದಿಗೆಲ್ಲ ಅವಳು ಅಕ್ಕ, ಅವನು ತಮ್ಮ. ತಮ್ಮನಿಗೆ ತಲೆ ಬೋಳಾಗಿ ಹೊಟ್ಟೆ ಮುಂದೆ ಬಂದಿದ್ದರೂ ಪುಟ್ಟ ಮಕ್ಕಳು ಕೂಡ "ತಮ್ಮಾ, ನೀರು" ಎಂದೇ ಕರೆಯುತ್ತವೆ.

ಆ ಹೋಟೆಲಿನಲ್ಲಿ ಏನಿದೆ ಎಂದು ಕೇಳುವ ಪದ್ಧತಿ ಇಲ್ಲ. ಅಡುಗೆಮನೆಗೂ ಊಟದ ಕೋಣೆಗೂ ನಡುವೆ ತಟ್ಟೆ ತಳ್ಳುವಷ್ಟು ಒಂದು ಕಿಂಡಿ ಇದೆ. ಹೊಸಬರು ಬಂದರೆ ಅಕ್ಕ ಆ ಕಿಂಡಿಯಲ್ಲಿ ಇಣುಕಿ ಮುಖ ನೋಡುತ್ತಾಳೆ. ಹೆಂಡತಿಯ ಜೊತೆ ಜಗಳವಾಡಿಕೊಂಡು ಬಂದವನಿಗೆ ಹುರುಳಿಕಾಯಿಯ ಬಿಸಿ ಸೂಪು, ಕೆಲಸ ಸಿಕ್ಕ ಖುಷಿಯಲ್ಲಿ ಬಂದವನಿಗೆ ಎರಡು ಮೊಟ್ಟೆ ಒಡೆದು ಹಾಕಿದ ರೊಟ್ಟಿ. ತಟ್ಟೆ ಕಿಂಡಿಯಿಂದ ಹೊರಗೆ ಬರುತ್ತದೆ, ಅಕ್ಕ ಬರುವುದಿಲ್ಲ. ಯಾರಾದರೂ "ನಂಗೆ ಬೇರೆ ಏನಾದ್ರೂ" ಎಂದು ರಾಗ ಎಳೆದರೆ ತಮ್ಮ "ಅಕ್ಕ ನೋಡಿದಾಳೆ, ಸುಮ್ನೆ ತಿನ್ನಿ" ಎನ್ನುತ್ತಾನೆ. ತಿಂದವರು ಬೈದುಕೊಂಡು ಎದ್ದದ್ದನ್ನು ಯಾರೂ ನೋಡಿಲ್ಲ.

ಮಾಮ ಈ ಬೀದಿಗೆ ಬಂದ ಮೊದಲ ದಿನವೇ ಅಲ್ಲಿಗೆ ಹೋಗಿದ್ದ. ಹಿಂದಿನ ದಿನ ಬಸ್ ನಿಲ್ದಾಣದಲ್ಲಿ ತಿಂದ ಬನ್ನು ಹೊಟ್ಟೆಯಲ್ಲಿ ರಾದ್ಧಾಂತ ಎಬ್ಬಿಸಿತ್ತು. ಅಕ್ಕ ಕಿಂಡಿಯಲ್ಲಿ ಇಣುಕಿದಳು. ಮತ್ತೊಮ್ಮೆ ಇಣುಕಿದಳು. ಆಮೇಲೆ, ಆವರೆಗೆ ಯಾರಿಗೂ ಮಾಡದ ಉಪಕಾರ ಮಾಡಿದಳು: ಬಾಗಿಲು ತಳ್ಳಿಕೊಂಡು ಹೊರಗೆ ಬಂದು ಮೇಜಿನ ಪಕ್ಕ ನಿಂತಳು.

"ಹೊಟ್ಟೆ ಸರಿ ಇಲ್ಲ ಅಲ್ವಾ?"

"ಇಲ್ಲ," ಎಂದ ಮಾಮ. ಆಗ ಅದು ನಿಜವೇ ಆಗಿತ್ತು.

ಬಾರ್ಲಿ ಗಂಜಿ ಬಂತು. ಉಪ್ಪಿಲ್ಲ, ಬೆಣ್ಣೆಯಿಲ್ಲ, ಅರೆದ ಕ್ಯಾರೆಟ್ಟಿನ ಬಣ್ಣ ಒಂದಿಷ್ಟು, ಎಲ್ಲೋ ಶುಂಠಿಯ ನೆನಪು. ಅವತ್ತು ಅದು ಅಮೃತದಂತೆ ಒಳಗಿಳಿಯಿತು. ಮಾರನೇ ದಿನ ಬೆಳಿಗ್ಗೆ ಮಾಮ ಗುಂಡುಕಲ್ಲಿನ ಹಾಗೆ ಎದ್ದ. ಮಧ್ಯಾಹ್ನ ಹಸಿದು ಹೋಟೆಲಿಗೆ ಬಂದ. ಅಕ್ಕ ಸೀದಾ ಹೊರಗೆ ಬಂದು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, ಮುಖ ಬಗ್ಗಿಸಿ ಕೇಳಿದಳು: "ಹೊಟ್ಟೆ ಹೇಗಿದೆ ಇವತ್ತು?"

ಮಾಮನ ಬಾಯಿಗೆ "ಪೂರ್ತಿ ವಾಸಿಯಾಯ್ತು" ಎಂಬ ಮಾತು ಬಂದಿತ್ತು. ಆದರೆ ಹೊರಬಿದ್ದದ್ದು ಬೇರೆ.

"ಇನ್ನೂ ಸ್ವಲ್ಪ ಹಾಗೇ ಇದೆ," ಎಂದ.

ಯಾಕೆ ಹಾಗೆಂದೆ ಎಂದು ಅವನಿಗೇ ಗೊತ್ತಾಗಲಿಲ್ಲ. ಗಂಜಿ ಬಂತು. ಮರುದಿನ ಅಕ್ಕ ಮತ್ತೆ ಬಂದಳು, ಮತ್ತೆ ಕೇಳಿದಳು, ಮತ್ತೆ ಅದೇ ಉತ್ತರ, ಅದೇ ಗಂಜಿ. ವಾರ ಕಳೆಯಿತು, ತಿಂಗಳು ಕಳೆಯಿತು. ಸುಳ್ಳು ಒಂದು ಮಟ್ಟ ದಾಟಿದ ಮೇಲೆ ಅದನ್ನು ಹೇಳಿದವನ ಕೈಯಲ್ಲಿ ಉಳಿಯುವುದಿಲ್ಲ. ಹೋಟೆಲಿನಲ್ಲಿ ಅವನಿಗೆ 'ಪಥ್ಯದ ಮಾಮ' ಎಂಬ ಹೆಸರಾಯಿತು. ಹೊಸಬರು ಬಂದರೆ ಅಕ್ಕ ಕಿಂಡಿಯಿಂದ ಸೌಟು ತೋರಿಸಿ ಹೇಳುತ್ತಿದ್ದಳು: "ಅಲ್ನೋಡಿ, ಬಂದಾಗ ಕಡ್ಡಿ ಹಾಗಿದ್ರು. ನನ್ನ ಗಂಜೀಲೇ ನಿಂತಿದೆ ಆ ಜೀವ." ಮಾಮ ಆ ಜೀವದ ಪರವಾಗಿ ತಲೆಯಾಡಿಸುತ್ತಿದ್ದ.

ಇಷ್ಟರಲ್ಲೇ ಮುಗಿದಿದ್ದರೆ ಹೇಗೋ ಬದುಕಬಹುದಿತ್ತು. ಆದರೆ ಗುರುವಾರಗಳಿದ್ದವಲ್ಲ!

ಗುರುವಾರ ಅಕ್ಕ ಕೆನೆ ಆಲೂಗಡ್ಡೆ ಮಾಡುತ್ತಾಳೆ. ತೆಳ್ಳಗೆ ಹೆಚ್ಚಿದ ಬಿಲ್ಲೆಗಳನ್ನು ಮಣ್ಣಿನ ಬಟ್ಟಲಲ್ಲಿ ಪದರ ಪದರವಾಗಿ ಜೋಡಿಸಿ, ನಡುನಡುವೆ ಕೆನೆ, ಬೆಣ್ಣೆಯಲ್ಲಿ ಬಾಡಿಸಿದ ಈರುಳ್ಳಿ, ಒಂದಿಷ್ಟು ಮೆಣಸು, ಮೇಲೆ ಕೈತುಂಬ ಚೀಸ್ ತುರಿದು ಓವನ್ನಿಗೆ ತಳ್ಳುತ್ತಾಳೆ. ಹೊರಬಂದಾಗ ಮೇಲ್ಪದರ ಕಂದು ಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ಗರಿಗರಿಯಾಗಿ, ಒಳಗಿನ ಕೆನೆ ಇನ್ನೂ ಕೊತಕೊತ ಎನ್ನುತ್ತಿರುತ್ತದೆ. ಆ ದಿನ ಯಾರ ಮುಖವನ್ನೂ ನೋಡುವುದಿಲ್ಲ ಅಕ್ಕ. ಎಲ್ಲರಿಗೂ ಅದೇ. ಒಬ್ಬನನ್ನು ಬಿಟ್ಟು.

ಆ ಒಬ್ಬನ ಎದುರಿನ ಕುರ್ಚಿಯಲ್ಲಿ ಬೀಗದವನು ಕೂರುತ್ತಿದ್ದ. ಬೀಗ ರಿಪೇರಿ ಮಾಡುವವನು, ಮಾಮನ ಸ್ನೇಹಿತ, ಮೌನವಾಗಿ ತಿನ್ನುವ ಅಭ್ಯಾಸ ಇಲ್ಲದ ಪ್ರಾಣಿ. ಫೋರ್ಕಿನಿಂದ ಮೇಲ್ಪದರ ಒಡೆದು, ಆ ಟಕ್ ಎಂಬ ಸದ್ದಿಗೆ ಕಿವಿಗೊಟ್ಟು, ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ: "ಆಹಾ! ನೋಡಪ್ಪಾ, ಹೊರಗೆ ಗರಿ, ಒಳಗೆ ಬೆಣ್ಣೆ. ನಿನ್ನ ಹೊಟ್ಟೆಗೆ ಇದು ವಿಷ ಕಣಪ್ಪಾ, ವಿಷ." ಹಾಗೆಂದು ವಿಷವನ್ನು ಬಟ್ಟಲಿನ ತಳ ಕಾಣುವವರೆಗೆ ಬಳಿದು ತಿನ್ನುತ್ತಿದ್ದ.

ಮಾಮ ಸುಮ್ಮನೆ ಕೂತಿರಲಿಲ್ಲ. ಒಮ್ಮೆ ಧೈರ್ಯ ಮಾಡಿ ಎರಡು ಬೀದಿ ಆಚೆಯ ದೊಡ್ಡ ಹೋಟೆಲಿಗೆ ಕದ್ದು ಹೋಗಿ ಕೆನೆ ಆಲೂಗಡ್ಡೆ ತರಿಸಿದ. ಅದು ಅಂಟಿನ ಹಾಗಿತ್ತು. ಬಾಯಿ ಒರೆಸಿಕೊಂಡು ಹೊರಗೆ ಬರುವಾಗ ತರಕಾರಿ ಚೀಲ ಹಿಡಿದ ತಮ್ಮ ಎದುರಾದ. ಆ ದೊಡ್ಡ ಹೋಟೆಲಿನ ಪಕ್ಕದ ಬಾಗಿಲು ಒಬ್ಬ ಡಾಕ್ಟರದು. ತಮ್ಮ ಮರುಕದಿಂದ ನೋಡಿ, "ಮತ್ತೆ ಜಾಸ್ತಿ ಆಯ್ತಾ ಮಾಮಾ?" ಎಂದ. ಮರುದಿನ ಮಧ್ಯಾಹ್ನ ಮಾಮನ ಮುಂದೆ ಎರಡು ಬಟ್ಟಲು ಗಂಜಿ ಬಂತು.

ನಿಜ ಹೇಳಿಬಿಡಬೇಕೆಂದು ಅವನು ಎಷ್ಟೋ ಗುರುವಾರ ಶಪಥ ಮಾಡಿದ್ದ. ಕನ್ನಡಿಯ ಮುಂದೆ ನಿಂತು ಅಭ್ಯಾಸವನ್ನೂ ಮಾಡಿದ್ದ: "ಅಕ್ಕ, ನಂಗೀಗ ವಾಸಿಯಾಗಿದೆ." ಎಷ್ಟು ಸುಲಭದ ಮಾತು! ಆದರೆ ಅಕ್ಕ ಹೊರಗೆ ಬಂದು ಪಕ್ಕ ನಿಂತು, "ಹೊಟ್ಟೆ ಹೇಗಿದೆ ಇವತ್ತು?" ಎಂದು ಉತ್ತರಕ್ಕೆ ಕಾದಾಗ ಬಾಯಿಂದ ಬರುತ್ತಿದ್ದದ್ದು ಹಳೆಯ ಉತ್ತರವೇ. ಎಲ್ಲರಿಗೂ ಕಿಂಡಿಯಿಂದ ತಟ್ಟೆ, ತನಗೊಬ್ಬನಿಗೆ ಅಕ್ಕನೇ ಬಂದು ಪ್ರಶ್ನೆ. ವಾಸಿಯಾದವನನ್ನು ಯಾರು ಕೇಳುತ್ತಾರೆ? ಆಲೂಗಡ್ಡೆ ಸಿಗುತ್ತದೆ, ಪ್ರಶ್ನೆ ಹೋಗುತ್ತದೆ. ಮಾಮ ಪ್ರತಿ ಸಲ ತೂಗಿ ನೋಡುತ್ತಿದ್ದ, ಪ್ರತಿ ಸಲ ಗಂಜಿ ತಿನ್ನುತ್ತಿದ್ದ.

ಹೀಗಿರುವಾಗ ಒಂದು ಗುರುವಾರ ಮಾಮ ಒಳಗೆ ಬಂದು ಕೂತರೆ ಕಿಂಡಿಯಲ್ಲಿ ಅಕ್ಕನ ಮುಖವಿಲ್ಲ. ತಮ್ಮನ ಬೋಳುತಲೆ ಬೆವರಿಳಿಸಿಕೊಂಡು ಅತ್ತಿಂದಿತ್ತ ಓಡಾಡುತ್ತಿತ್ತು.

"ಅಕ್ಕಂಗೆ ದವಡೆ ಹಲ್ಲು ಕೀಳಿಸಿದ್ವಿ ಮಾಮಾ, ಬೆಳಿಗ್ಗೆ," ಎಂದ ತಮ್ಮ ಹೊರಗೆ ಬಂದು. "ಎಡಗಡೆ ಕೆನ್ನೆ ಹೀಗೆ ಊದಿದೆ. ಮಹಡಿ ಮೇಲೆ ಮಲಗಿದಾಳೆ. ಆಲೂಗಡ್ಡೆ ಎಲ್ಲಾ ನಸುಕಲ್ಲೇ ಜೋಡಿಸಿಟ್ಟು ಹೋಗಿದ್ಲು, ನಾನು ಓವನ್ನಿಗೆ ಇಡೋದಷ್ಟೇ. ಆದ್ರೆ ನಿಮ್ಮ ಗಂಜಿ..." ಅವನು ತಲೆ ಕೆರೆದುಕೊಂಡ. "ಅದನ್ನ ಅವಳು ನನ್ನ ಕೈಯಲ್ಲಿ ಮುಟ್ಟಿಸಿದೋಳೇ ಅಲ್ಲ. ನಂಗೆ ಬರಲ್ಲ."

"ಪರವಾಗಿಲ್ಲಪ್ಪ," ಎಂದ ಮಾಮ.

"ಹಾಗಂತ ಉಪವಾಸ ಕಳಿಸೋಕಾಗುತ್ತಾ? ಒಂಚೂರು ಕೆನೆ ಆಲೂಗಡ್ಡೆ ತಡ್ಕೊಳುತ್ತಾ ನಿಮ್ಮ ಹೊಟ್ಟೆ? ನೋಡಿ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅಕ್ಕ ನನ್ನ ಚರ್ಮ ಸುಲೀತಾಳೆ."

ಮಾಮ ಬಹಳ ಯೋಚಿಸುವವನ ಹಾಗೆ ಚಾವಣಿ ನೋಡಿದ. "ನೋಡೋಣ," ಎಂದ. "ಪ್ರಯತ್ನ ಮಾಡೋಣ."

"ಬೇಡ ಕಣಪ್ಪಾ," ಎಂದ ಬೀಗದವನು, ನಿಜವಾದ ಕಾಳಜಿಯಿಂದ.

"ನೀನು ಸುಮ್ನಿರು!" ಎಂದ ಮಾಮ. ಎಂಟು ವರ್ಷದಲ್ಲಿ ಅವನು ದನಿ ಎತ್ತಿದ್ದು ಅದೇ ಮೊದಲು.

ಬಟ್ಟಲು ಬಂತು. ಮಾಮ ಬಗ್ಗಿದ್ದೇ ತಡ, ಆವಿ ಎದ್ದು ಕನ್ನಡಕ ಪೂರ್ತಿ ಮಂಜಾಯಿತು. ಊರಿಗೆಲ್ಲ ಕಣ್ಣು ಕಾಣಿಸುವಂತೆ ಮಾಡುವವನಿಗೆ ತನ್ನ ಬಟ್ಟಲೇ ಕಾಣಲಿಲ್ಲ. ಕನ್ನಡಕ ತೆಗೆದು, ಅಂಗಿಯ ತುದಿಗೆ ಒರೆಸಿ, ಮತ್ತೆ ಹಾಕಿಕೊಂಡು ಕಣ್ತುಂಬ ನೋಡಿದ. ಅಂಚಿನ ಕಂದು, ನಡುವಿನ ಹೊಂಬಣ್ಣ, ಒಂದು ಮೂಲೆಯಲ್ಲಿ ಇನ್ನೂ ಉಸಿರಾಡುತ್ತಿದ್ದ ಒಂದು ಗುಳ್ಳೆ. ಫೋರ್ಕು ಇಟ್ಟು ಒತ್ತಿದ. ಟಕ್ ಎಂದಿತು. ಆ ಸದ್ದು ಈ ಸಲ ತನ್ನದು ಎಂದು ಮಾಮನ ಕಣ್ಣಲ್ಲಿ ನೀರೇ ಬಂತು. ಒಂದು ತುತ್ತು ಎತ್ತಿದ. ಊದಿದ. ತುಟಿಯ ಹತ್ತಿರ ತಂದ.

ಆಗ ಚಾವಣಿ ದಡದಡ ಎಂದಿತು.

ಮಹಡಿಯ ಮೇಲಿಂದ ಅಕ್ಕ ಸೌಟಿನಿಂದ ನೆಲ ಕುಟ್ಟುತ್ತಿದ್ದಳು. ತಮ್ಮ ಮೆಟ್ಟಿಲು ಹತ್ತಿ ಓಡಿದ, ಇನ್ನೂ ಸಪ್ಪೆ ಮುಖ ಮಾಡಿಕೊಂಡು ಇಳಿದುಬಂದ.

"ಹಸಿವಂತೆ. ನಿನ್ನೆ ರಾತ್ರಿಯಿಂದ ಏನೂ ತಿಂದಿಲ್ಲ ಅವಳು. ಆಲೂಗಡ್ಡೆ ತರ್ಲಾ ಅಂದ್ರೆ ದಿಂಬು ಎಸೆದ್ಲು, ಗಾಯಕ್ಕೆ ಚುಚ್ಚುತ್ತಂತೆ. ನೀರಾಗಿ ಏನಾದ್ರೂ ಕೊಡು ಅಂತಾಳೆ."

"ಗಂಜಿ ಮಾಡ್ಕೊಡು," ಎಂದ ಬೀಗದವನು, ಬಾಯಿತುಂಬ ಇಟ್ಟುಕೊಂಡೇ.

"ಅದೇ ತಾನೇ ನಂಗೆ ಬರದೇ ಇರೋದು!"

"ಫೋನಲ್ಲಿ ನೋಡು."

ತಮ್ಮ ಫೋನಿನಲ್ಲಿ ನೋಡಿದ. ಬಾರ್ಲಿ ಗಂಜಿ ಮಾಡುವ ವಿಧಾನಗಳು ನೂರಾರು ಇದ್ದವು. ಒಂದರಲ್ಲಿ ಜೇನುತುಪ್ಪ, ಒಂದರಲ್ಲಿ ಕೋಳಿ, ಒಂದರಲ್ಲಿ ಒಬ್ಬ ಹೆಂಗಸು ಗಂಜಿಯನ್ನು ಮುಖಕ್ಕೆ ಬಳಿದುಕೊಳ್ಳುತ್ತಿದ್ದಳು. ತಮ್ಮ ಫೋನು ಜೇಬಿಗೆ ಹಾಕಿ, ನಿಧಾನವಾಗಿ ಮಾಮನ ಕಡೆ ತಿರುಗಿದ. ಬೀಗದವನೂ ತಿರುಗಿದ. ಪಕ್ಕದ ಮೇಜಿನವರೂ ತಿರುಗಿದರು. ಅಕ್ಕನ ಗಂಜಿಯನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಬದುಕಿದ ಒಂದೇ ಒಂದು ಪ್ರಾಣಿ ಭೂಮಿಯ ಮೇಲಿದ್ದರೆ ಅದು ಅಲ್ಲಿ ಫೋರ್ಕು ಎತ್ತಿಕೊಂಡು ಕೂತಿತ್ತು.

ಒಂದು ತುತ್ತು ನುಂಗಿ ಎದ್ದರಾಯಿತು ಎಂದು ಯಾರಿಗಾದರೂ ಅನ್ನಿಸಬಹುದು. ಮಾಮನಿಗೂ ಅನ್ನಿಸಿತು. ಆದರೆ ಮೇಲೆ ಹಸಿದು ಮಲಗಿದವಳ ಸೌಟು ಮತ್ತೊಮ್ಮೆ ದಡ ಎಂದಾಗ ಆ ತುತ್ತು ತಾನಾಗಿ ಬಟ್ಟಲಿಗೆ ಇಳಿಯಿತು. ಮಾಮ ಕುರ್ಚಿ ಹಿಂದೆ ತಳ್ಳಿದ.

"ಹೋಗಿ ಬಾರಪ್ಪಾ," ಎಂದ ಬೀಗದವನು. "ನಿನ್ನ ಬಟ್ಟಲು ನಾನು ನೋಡ್ಕೋತೀನಿ."

ಎಂಟು ವರ್ಷ ಕಿಂಡಿಯ ಈಚೆ ಕೂತವನು ಮೊದಲ ಸಲ ಆಚೆ ಹೋದ. ಒಲೆಯ ಪಕ್ಕದ ಕಟ್ಟೆಯ ಮೇಲೆ ಬಟ್ಟೆ ಮುಚ್ಚಿದ ಒಂದು ಪಾತ್ರೆ ಇತ್ತು. ತೆಗೆದರೆ ಹುರಿದು ನೆನೆಸಿದ ಬಾರ್ಲಿ, ಪಕ್ಕದಲ್ಲಿ ಸಿಪ್ಪೆ ತೆಗೆದ ಒಂದು ಕ್ಯಾರೆಟ್ಟು, ಉಗುರಿನಷ್ಟು ಶುಂಠಿ. ಹಲ್ಲುನೋವಿನಲ್ಲಿ ಒದ್ದಾಡುತ್ತಲೇ ಅಕ್ಕ ಹಿಂದಿನ ರಾತ್ರಿ ಇದನ್ನೂ ಮಾಡಿಟ್ಟಿದ್ದಳು. ಯಾವ ಕಾಯಿಲೆಯೂ ಇಲ್ಲದ ತನಗೋಸ್ಕರ. ಮಾಮನಿಗೆ ತಾನು ಎಂಥ ಪಾಪಿ ಎಂದು ಆ ಕ್ಷಣದಲ್ಲಿ ಅನ್ನಿಸಿದಷ್ಟು ಇನ್ಯಾವತ್ತೂ ಅನ್ನಿಸಿರಲಿಲ್ಲ.

ಆಮೇಲೆ ಕೆಲಸಕ್ಕೆ ನಿಂತ. ಬೇರೆ ದಾರಿ ಗೊತ್ತಿಲ್ಲದ್ದರಿಂದ ತನ್ನ ಕಸುಬಿನ ದಾರಿಯನ್ನೇ ಹಿಡಿದ. ಬೇಯಿಸಿದ್ದನ್ನು ಎರಡು ಲೋಟಕ್ಕೆ ಹಾಕಿ, ಒಂದನ್ನು ಒಂದು ಸಲ ಸೋಸಿ, ಇನ್ನೊಂದನ್ನು ಎರಡು ಸಲ ಸೋಸಿ, ಕಣ್ಣು ಮುಚ್ಚಿ ಒಂದೊಂದು ಚಮಚ ಬಾಯಿಗಿಟ್ಟುಕೊಂಡು ತನ್ನನ್ನೇ ಕೇಳಿಕೊಂಡ: "ಇದು ಹೇಗಿದೆ? ಇದು? ಇದು ಮೇಲೋ, ಅದು ಮೇಲೋ?" ಎರಡು ಸಲ ಸೋಸಿದ್ದೇ ಅಕ್ಕನದು. ಶುಂಠಿ ಅರೆದು ಹಾಕಿದರೆ ಜೋರಾಯಿತು, ಜಜ್ಜಿ ಹಾಕಿ ತೆಗೆದರೆ ಸರಿಹೋಯಿತು. ಕಡೆಗೆ ಉಪ್ಪಿನ ಡಬ್ಬಿಯ ಮುಂದೆ ನಿಂತ. ಒಂದು ಚಿಟಿಕೆ ಎತ್ತಿಯೂ ಎತ್ತಿದ. ಹಾಕಿದರೆ ಅದು ಅಕ್ಕನ ಗಂಜಿ ಆಗುವುದಿಲ್ಲವಲ್ಲ ಎಂದು ಉಪ್ಪನ್ನು ವಾಪಸು ಡಬ್ಬಿಗೆ ಉದುರಿಸಿದ. ಅವಳದನ್ನು ಅವಳಿಗೆ ಹಾಗೇ ಒಪ್ಪಿಸುವುದು ನ್ಯಾಯ ಎಂದುಕೊಂಡ.

ಮಹಡಿಯ ಕೋಣೆಯಲ್ಲಿ ಅಕ್ಕ ತಲೆಯಿಂದ ಗಲ್ಲದವರೆಗೆ ಶಾಲು ಬಿಗಿದುಕೊಂಡು ಗೋಡೆಗೆ ಒರಗಿ ಕೂತಿದ್ದಳು. ಎಡಗೆನ್ನೆ ಊದಿ ಕಣ್ಣನ್ನು ಅರ್ಧ ಮುಚ್ಚಿಸಿತ್ತು. ಮಾಮ ಬಟ್ಟಲು ಮುಂದಿಟ್ಟು, ಅಭ್ಯಾಸಬಲದಿಂದ ಕೇಳಿದ: "ಈಗ ಹೇಗಿದೆ ಅಕ್ಕ?"

ಅಕ್ಕ ಅವನನ್ನು ಒಂದು ಗಳಿಗೆ ನೋಡಿದಳು. "ಇರ್ಲಿ," ಎಂದಳು. "ಎಲ್ಲರ ಮುಖ ನೋಡೋಳು ನಾನು. ನನ್ನ ಮುಖ ನೋಡಿ ಕೇಳಿದೋರು ಇವತ್ತು ನೀವೇ. ಆ ನಮ್ಮ ತಮ್ಮ ಇದಾನಲ್ಲ, ಓವನ್ನಲ್ಲಿ ಎಷ್ಟು ಹೊತ್ತು ಇಡ್ಬೇಕು ಅಂತ ಕೇಳೋಕೆ ಮಾತ್ರ ಬಂದಿದ್ದ."

ಬಟ್ಟಲು ಎತ್ತಿ ಬಾಯಿಯ ಬಲಗಡೆಯಿಂದ ಒಂದು ಗುಟುಕು ಹೀರಿದಳು. ಅವಳ ಮುಖ ನಿಂತಲ್ಲೇ ನಿಂತಿತು. ಕಷ್ಟಪಟ್ಟು ನುಂಗಿದಳು.

"ಥೂ!" ಎಂದಳು. "ಇದೇನ್ರೀ ಇದು?"

"ಗಂಜಿ."

"ಇದು ಗಂಜಿನಾ? ಪಾತ್ರೆ ತೊಳೆದ ನೀರು ಇದಕ್ಕಿಂತ ಮೇಲು. ನನ್ನ ಗಂಜಿ ಹೀಗಿರುತ್ತಾ?"

"ಹೀಗೇ ಇರುತ್ತೆ ಅಕ್ಕ."

"ಸುಳ್ಳು. ಉಪ್ಪೇ ಇಲ್ಲ!"

"ನೀವೂ ಹಾಕಲ್ಲ."

"ಹಾಕಲ್ಲ, ಅದು ಸರಿ, ಪಥ್ಯ ಅಲ್ವಾ. ಆದ್ರೆ..." ಅಕ್ಕ ಇನ್ನೊಂದು ಗುಟುಕು ಹೀರಿದಳು. ಮೂಗು ಮುರಿದಳು. ತಾನು ಜೋಡಿಸಿಟ್ಟ ಶುಂಠಿ, ತಾನು ಹುರಿದ ಬಾರ್ಲಿ, ತನ್ನದೇ ಸೋಸುವ ರೀತಿ. ಅಡುಗೆಯವಳ ನಾಲಿಗೆಗೆ ಅದು ಗೊತ್ತಾಗದೆ ಇರುತ್ತದೆಯೇ? ಬಟ್ಟಲನ್ನು ಮಡಿಲಲ್ಲಿ ಇಟ್ಟುಕೊಂಡಳು.

"ನೀವು ಯಾವತ್ತೂ ರುಚಿ ನೋಡಿಲ್ವಾ ಅಕ್ಕ?" ಎಂದ ಮಾಮ ಮೆಲ್ಲಗೆ.

"ಪಥ್ಯದ ಅಡುಗೆ ರುಚಿ ನೋಡಬಾರ್ದು ಅಂತ ನಮ್ಮಮ್ಮ ಹೇಳ್ತಿದ್ರು. ನೋಡಿದ್ರೆ ಉಪ್ಪು ಹಾಕೋಣ, ಬೆಣ್ಣೆ ಹಾಕೋಣ ಅನ್ಸುತ್ತೆ, ರೋಗಿ ಕೆಡ್ತಾನೆ ಅಂತ." ಅಕ್ಕ ನಿಧಾನವಾಗಿ ತಲೆ ಎತ್ತಿದಳು. "ಎಂಟು ವರ್ಷದಿಂದ ಇದನ್ನ ತಿಂದಿದೀರಾ ನೀವು?"

"ಹೂಂ."

"ಅಯ್ಯೋ ನನ್ನ ಕರ್ಮವೇ. ಮತ್ತೆ ಆ ಹೊಟ್ಟೆ ಇನ್ನೂ ವಾಸಿ ಆಗಿಲ್ವಾ?"

ಮಾಮ ಕನ್ನಡಕ ತೆಗೆದ. ಕನ್ನಡಕವಿಲ್ಲದೆ ಅಕ್ಕನ ಮುಖ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ, ಅದೇ ಅವನಿಗೆ ಬೇಕಾಗಿತ್ತು. "ಮಾರನೇ ದಿನವೇ ವಾಸಿಯಾಗಿತ್ತು," ಎಂದ.

ಕೆಳಗೆ ಯಾರೋ ನೀರು ಕೇಳುತ್ತಿದ್ದರು.

"ಯಾವ ಮಾರನೇ ದಿನ?"

"ಮೊದಲನೇ ದಿನದ ಮಾರನೇ ದಿನ."

"ಅಂದ್ರೆ ನಾನು ದಿನಾ ರಾತ್ರಿ ಬಾರ್ಲಿ ಹುರ್ದು ನೆನೆಹಾಕಿ, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ನಿಮ್ಮೊಬ್ಬರಿಗೋಸ್ಕರ ಎರಡೆರಡು ಸಲ ಸೋಸಿ..." ಅಕ್ಕನ ದನಿ ಏರಿತು. ನೋವಿಗೆ ಕೆನ್ನೆ ಹಿಡಿದುಕೊಂಡಳು. "ಇವತ್ತಾದ್ರೂ ವಾಸಿಯಾಯ್ತು ಅನ್ನಲಿ, ಈ ಗಂಜಿ ಕಾಟ ತಪ್ಪಲಿ ಅಂತ ಬಂದು ಬಂದು ಕೇಳ್ತಿದ್ನಲ್ರೀ! ಒಂದಿನ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ?"

"ಹೇಳಿದ್ರೆ ನೀವು ಆಮೇಲೆ ಕೇಳ್ತಿರಲಿಲ್ಲ."

"ಏನನ್ನ?"

"ಹೊಟ್ಟೆ ಹೇಗಿದೆ ಅಂತ." ಮಾಮ ಕನ್ನಡಕವನ್ನು ಒರೆಸಿದ್ದನ್ನೇ ಒರೆಸುತ್ತಿದ್ದ. "ಬೆಳಗಿಂದ ಸಂಜೆ ತನಕ ಊರವರನ್ನೆಲ್ಲ ಈಗ ಹೇಗಿದೆ, ಈಗ ಹೇಗಿದೆ ಅಂತ ಕೇಳೋದು ನಾನು. ನನ್ನ ಕೇಳೋರು ನೀವೊಬ್ರೇ ಇದ್ರಿ. ಒಂದು ಬಟ್ಟಲು ಗಂಜಿ ಹೆಚ್ಚೇನಲ್ಲ ಅನ್ನಿಸ್ತು ಅಕ್ಕ."

ಅಕ್ಕ ಬಟ್ಟಲನ್ನು ನೋಡಿದಳು, ಮಾಮನನ್ನು ನೋಡಿದಳು, ಆಮೇಲೆ ಇದ್ದಕ್ಕಿದ್ದಂತೆ ನಗತೊಡಗಿದಳು. ನಕ್ಕರೆ ಕೆನ್ನೆ ಸೆಳೆಯುತ್ತಿತ್ತು, "ಅಯ್ಯೋ, ಅಮ್ಮಾ" ಎನ್ನುತ್ತಲೇ ನಕ್ಕಳು, ಕಣ್ಣೊರೆಸಿಕೊಂಡಳು. ಆ ಕಣ್ಣೀರಿನಲ್ಲಿ ನಗುವಿನದೆಷ್ಟು, ನೋವಿನದೆಷ್ಟು, ಇನ್ನೊಂದರದೆಷ್ಟು ಎಂದು ಕನ್ನಡಕವಿಲ್ಲದ ಮಾಮನಿಗೆ ಕಾಣಲಿಲ್ಲ.

"ಉಪ್ಪು ತಗೊಂಡು ಬನ್ನಿ ಮೊದಲು," ಎಂದಳು ಕಡೆಗೆ. "ಆಮೇಲೆ ಕೆಳಗೆ ಹೋಗಿ ಆಲೂಗಡ್ಡೆ ತಿನ್ನಿ. ಹೊಟ್ಟೆ ಬಿರಿಯೋ ಹಾಗೆ ತಿನ್ನಿ. ಇನ್ನೊಂದು ಸಲ ಗಂಜಿ ಅಂತ ಈ ಹೋಟೆಲಲ್ಲಿ ಬಾಯಿಬಿಟ್ರೆ ಸೌಟಲ್ಲಿ ಕೊಡ್ತೀನಿ."

ಮಾಮ ಉಪ್ಪು ಕೊಟ್ಟು, ಎದೆಯ ಮೇಲಿನ ಬಂಡೆ ಇಳಿದವನ ಹಾಗೆ ಮೆಟ್ಟಿಲಿಳಿದು ಬಂದ. ಮೇಜಿನ ಮೇಲೆ ಅವನ ಬಟ್ಟಲು ಫಳಫಳ ಹೊಳೆಯುತ್ತಿತ್ತು. ತೊಳೆಯುವ ಅಗತ್ಯವೇ ಇಲ್ಲದಷ್ಟು ಚೊಕ್ಕಟವಾಗಿತ್ತು.

"ತಣ್ಣಗಾಗ್ತಿತ್ತು ಕಣಪ್ಪಾ," ಎಂದ ಬೀಗದವನು ತೇಗುತ್ತಾ. "ನೀನಂತೂ ತಿನ್ನೋನಲ್ಲ. ಸುಮ್ನೆ ಹಾಳಾಗುತ್ತಲ್ಲ ಅಂತ."

ಮಾಮ ಒಳಗಿದ್ದ ತಮ್ಮನ ಕಡೆ ನೋಡಿದ. ತಮ್ಮ ಕಿಂಡಿಯಿಂದ ಎರಡೂ ಕೈ ಆಡಿಸಿದ. ಆಲೂಗಡ್ಡೆ ಮುಗಿದಿತ್ತು. ಅವತ್ತು ಮಾಮ ಊಟ ಮಾಡಿದ್ದು ಪಾತ್ರೆಯಲ್ಲಿ ಉಳಿದಿದ್ದ ಗಂಜಿ.

ಮಾಮನಿಗೆ ವಾಸಿಯಾದ ಸುದ್ದಿ ಬೀದಿಗೆಲ್ಲ ಹಬ್ಬಿತು. ಕಣ್ಣು ತೋರಿಸಲು ಬಂದವರೆಲ್ಲ ಹೊಟ್ಟೆಗೆ ಅಭಿನಂದನೆ ಹೇಳಿ ಹೋದರು. ಹೋಟೆಲಿನಲ್ಲಿ ಒಂದು ದಿನ ಸೂಪು ಬಂತು, ಒಂದು ದಿನ ಮೊಟ್ಟೆ ರೊಟ್ಟಿ ಬಂತು, ಎಲ್ಲವೂ ಕಿಂಡಿಯಿಂದ, ಎಲ್ಲರಿಗೂ ಬಂದ ಹಾಗೆ. ಒಂದೊಂದೂ ಬಾಯಿ ಚಪ್ಪರಿಸುವಷ್ಟು ಚೆನ್ನಾಗಿತ್ತು. ಅಕ್ಕ ಒಳಗಿಂದಲೇ ಸೌಟು ಆಡಿಸುತ್ತಿದ್ದಳು. ಹೊರಗೆ ಬರಲಿಲ್ಲ. ಬರುವುದಕ್ಕೆ ಕಾರಣವೂ ಇರಲಿಲ್ಲ.

ಗುರುವಾರ ಬಂತು. ತಮ್ಮ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ತಂದು ಮಾಮನ ಮುಂದಿಟ್ಟ. ಬೇರೆಯವರದಕ್ಕಿಂತ ದೊಡ್ಡ ಬಟ್ಟಲು, ನಾಲ್ಕೂ ಕಡೆ ಗರಿ. ಬೀಗದವನು ಅದನ್ನೊಮ್ಮೆ, ತನ್ನದನ್ನೊಮ್ಮೆ ನೋಡಿದ. ಮಾಮ ಈ ಸಲ ಊದಲಿಲ್ಲ, ಯೋಚಿಸಲಿಲ್ಲ. ಮೊದಲ ತುತ್ತಿಗೆ ನಾಲಿಗೆ ಸುಟ್ಟಿತು. ಸುಟ್ಟರೂ ಬಿಡಲಿಲ್ಲ. ಎಂಟು ವರ್ಷ ಮೂಗಿನಿಂದ ತಿಂದದ್ದು ಕಡೆಗೂ ಬಾಯಿಗೆ ಬಂದಿತ್ತು, ಮೂಗು ಒಂದಿಷ್ಟೂ ಸುಳ್ಳು ಹೇಳಿರಲಿಲ್ಲ. ಇದಕ್ಕಿಂತ ರುಚಿಯಾದದ್ದನ್ನು ತಾನು ಹುಟ್ಟಿದ ಮೇಲೆ ತಿಂದಿಲ್ಲ ಎಂದು ಅವನಿಗೆ ಖಂಡಿತವಾಗಿ ಗೊತ್ತಾಯಿತು.

ಅರ್ಧ ಬಟ್ಟಲಾದ ಮೇಲೆ ತಲೆ ಎತ್ತಿದ. ಮೇಜಿನ ಪಕ್ಕ, ಅಕ್ಕ ನಿಲ್ಲುತ್ತಿದ್ದ ಜಾಗ ಖಾಲಿ ಇತ್ತು. ಇಷ್ಟು ಒಳ್ಳೆಯ ಊಟದ ನಡುವೆ ಮನಸ್ಸಿಗೆ ಪಿಚ್ಚೆನ್ನಿಸಿತು. ತೂಗಿ ನೋಡಿದ್ದೆಲ್ಲ ನಿಜವಾಯಿತು ಎಂದುಕೊಂಡ: ಆಲೂಗಡ್ಡೆ ಬಂತು, ಪ್ರಶ್ನೆ ಹೋಯಿತು.

ಕಿಂಡಿಯ ಕಡೆ ನೋಡಿದ. ಅಕ್ಕ ಯಾರೂ ನೋಡುತ್ತಿಲ್ಲವೆಂದು ಒಲೆಯ ಪಕ್ಕ ನಿಂತು, ಬಟ್ಟಲಿನ ಅಂಚಿನಿಂದ ಕೆರೆದ ಗಟ್ಟಿ ಕರಕಲು ಗರಿಯನ್ನು ಬಾಯಿಗೆ ಹಾಕಿಕೊಂಡು ಅಗಿಯುತ್ತಿದ್ದಳು. ಎಡಗಡೆಯಿಂದಲೇ. ಕಟಕಟ ಸದ್ದು ಮಾಮನ ಮೇಜಿನವರೆಗೆ ಕೇಳಿಸಿತು. ಊತ ಇಳಿದಿತ್ತು, ಮುಖ ಮೊದಲಿನ ಹಾಗಿತ್ತು. ಒಳ್ಳೆಯದಾಯಿತು, ವಾಸಿಯಾಗಿದೆ ಎಂದುಕೊಂಡು ಮಾಮ ಬಟ್ಟಲಿಗೆ ಬಗ್ಗಿದ.

ಬಾಗಿಲು ಕಿರುಗುಟ್ಟಿತು. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಅಕ್ಕ ಹೊರಗೆ ಬಂದಳು. ಹೊಸ್ತಿಲು ದಾಟಿದ ಕೂಡಲೇ ಅವಳ ನಡಿಗೆ ನಿಧಾನವಾಯಿತು, ಮುಖ ಸೊರಗಿತು, ಕೈ ತಾನಾಗಿ ಮೇಲೆದ್ದು ಕೆನ್ನೆಯನ್ನು ಹಿಡಿದುಕೊಂಡಿತು. ಬಂದು ಮಾಮನ ಮೇಜಿನ ಪಕ್ಕ ನಿಂತಳು. ಕಾಯುತ್ತಾ ನಿಂತೇ ಇದ್ದಳು.

ಮಾಮ ಫೋರ್ಕು ಕೆಳಗಿಟ್ಟ. ಎಡ ಯಾವುದು, ಬಲ ಯಾವುದು ಎಂದು ನೋಡುವುದೇ ಕಸುಬಾದವನ ಕಣ್ಣು ಅದು. ಅಕ್ಕ ಹಿಡಿದುಕೊಂಡಿದ್ದದ್ದು ಬಲಗೆನ್ನೆಯನ್ನು.

"ಹಲ್ಲು ಹೇಗಿದೆ ಅಕ್ಕ ಇವತ್ತು?" ಎಂದು ಕೇಳಿದ.

"ಇನ್ನೂ ಸ್ವಲ್ಪ ಹಾಗೇ ಇದೆ," ಎಂದಳು ಅಕ್ಕ.

"ಇಂಥದಕ್ಕೆಲ್ಲ ಕಾಲ ಹಿಡಿಯುತ್ತೆ," ಎಂದು ಮಾಮ ಪಕ್ಕದ ಕುರ್ಚಿಯನ್ನು ಅವಳಿಗೆ ಎಳೆದುಕೊಟ್ಟ. "ಆತುರ ಏನಿಲ್ಲ."